ಎಡಗೈ ಹೆಬ್ಬೆಟ್ಟು

ಕಲಬುರಗಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು ಸಾಹೇಬರು.
ಮೂಗು ಮುಟ್ಟಿಕೊಂಡರೆ ಒಂದು, ಕೈ ಬಚ್ಚಿಟ್ಟರೆ ಇನ್ನೊಂದು,
ಬಾಗಿಲ ಕಡೆ ತಿರುಗಿದ ಪಾದ, ಅದು ಮೂರನೆಯದು.
ಬಾಯಿ ಕಲಿತಿರತೈತಿ ಗಾದಿಲಿಂಗಮ್ಮ, ಮೈ ಕಲಿತಿರಂಗಿಲ್ಲ,
ಅಂದರು. ನಾನು ಹೂಂ ಅಂದೆ.
ಹೂಂ ಅನ್ನುವಾಗ ನನ್ನ ಕೈ ಎಲ್ಲಿತ್ತೋ, ಅವರು ನೋಡಲಿಲ್ಲ.

ಏಪ್ರಿಲ್. ಫ್ಯಾನು ತಿರುಗುವುದು ಸದ್ದಿಗೆ ಮಾತ್ರ.
ಮೇಜಿನಾಚೆ ಎರ್ರಿಸ್ವಾಮಿ, ಮುಂಡ್ರಿಗಿಯ ಜೀನ್ಸ್ ವಾಷಿಂಗಿನವನು.
ಬಟವಾಡೆಯ ದುಡ್ಡು, ಎಂಬತ್ತೆರಡು ಸಾವಿರ,
ಶನಿವಾರ ರಾತ್ರಿ ಗಲ್ಲಾದಿಂದ ಮಾಯ. ಬೀಗ ಒಡೆದಿಲ್ಲ.
ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ.

"ಕೈ ಮ್ಯಾಲ ಇಡಪಾ."
ಇಟ್ಟ. ಮೊಣಕೈತನಕ ನೀಲಿ.
ಉಗುರಿನ ಸಂದಿಯಲ್ಲಿ ನೀಲಿಗಿಂತ ಹಳೆಯದೊಂದು ಕಂದು:
ಹೊಸ ಪ್ಯಾಂಟಿನ ತೊಡೆಯನ್ನು
ಹತ್ತು ವರ್ಷ ಉಟ್ಟಂತೆ ಮಾಡುವ ಪುಡಿ.
(ಹಾಗೆ ಮಾಡಿದ್ದಕ್ಕೆ ಅಂಗಡಿಯಲ್ಲಿ ರೇಟು ಜಾಸ್ತಿ.)
ಅದೇ ಪುಡಿ ಮೂಗಿಗೂ ಇಳಿಯುತ್ತದೆ. ಮೂಗು ಉಜ್ಜಿಕೊಂಡ.
ಸಾಹೇಬರು ನನ್ನ ಕಡೆ ನೋಡಿದರು.
ಕಣ್ಣು ಪಿಳುಕಿಸಿದ. ಬಾಗಿಲು ನೋಡಿದ. ಉಗುಳು ನುಂಗಿದ.
ಲೆಕ್ಕ ಅಲ್ಲಿಗೆ ಬಿಟ್ಟೆ.

"ಶನಿವಾರ ರಾತ್ರಿ ಎಲ್ಲಿದ್ದಿ?"
"ಮನ್ಯಾಗ್ರಿ."
"ಹತ್ತಕ್ಕ?"
"ಮನ್ಯಾಗ ಇದ್ನಿರಿ ಸರ. ಮಕ್ಕಂಡಿದ್ನಿ."

ಸುಳ್ಳು.
ಯಾವ ತರಬೇತಿಗೂ ಹೋಗದ ನನಗೂ ತಿಳಿಯಿತು.
ಕೊರಳ ಗಂಟು ಒಮ್ಮೆ ಮೇಲೇರಿ
ಇಳಿಯುವ ದಾರಿ ಮರೆತಂತೆ ಅಲ್ಲೇ ನಿಂತಿತು.

ನಮ್ಮ ಬಳ್ಳಾರಿಯಲ್ಲೊಂದು ಗುಡ್ಡವಿದೆ. ದೂರದ ರಸ್ತೆಯಿಂದ ನೋಡಿದರೆ
ಅಂಗಾತ ಮಲಗಿದವನ ಮುಖ. ಹಣೆ, ಮೂಗು, ಮುಚ್ಚಿದ ತುಟಿ.
ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೋಗಿದ್ದೆ,
ಮೂಗು ಮುಟ್ಟಿ ಬರಬೇಕೆಂದು.
ಬಂಡೆ. ಬಂಡೆ. ಜಾಲಿಮುಳ್ಳು. ಆಡಿನ ಹಿಕ್ಕೆ.
ಮೂಗು ಯಾವುದಪ್ಪ ಅಂದರೆ
"ಕಾಣಬೇಕಂದ್ರ ಹಿಂದಕ್ಕ ಹೋಗಬೇಕವ್ವ" ಅಂದಿದ್ದ.

ನೀರು ಕೊಡುವಾಗ ನನಗೆ ಹೇಳಿದ, ಲೋಟಕ್ಕೆ ಹೇಳುವ ಹಾಗೆ:
ಶನಿವಾರ ಕೌಲ್ ಬಜಾರಿನ ಇನ್ನೊಬ್ಬ ಮಾಲೀಕನ ಹತ್ತಿರ
ಬೆಳಗಿನ ತನಕ ಕಳ್ಳಪಾಳಿ.
"ನಮ್ ಸಾವ್ಕಾರಗ ಹೇಳಬ್ಯಾಡ್ರಿ ಅಕ್ಕ, ಕೆಲಸ ಹೋಕೈತಿ."
ಕಳ್ಳ ಅಂದಿದ್ದಕ್ಕೆ ಅಷ್ಟು ಹೆದರಿರಲಿಲ್ಲ ಅವನು.

ಮೈ ಸುಳ್ಳು ಅನ್ನುತ್ತದೆ, ಸರಿ.
ಯಾವ ಸುಳ್ಳು ಅನ್ನುವುದಿಲ್ಲ.

ಅದೇ ಕುರ್ಚಿಯಲ್ಲಿ ಬೆಳಿಗ್ಗೆ ಸಾವ್ಕಾರರ ಭಾವಮೈದ ಕೂತಿದ್ದ.
ಅಂಗೈ ತೆರೆದಿಟ್ಟು, ಕಣ್ಣಲ್ಲಿ ಕಣ್ಣಿಟ್ಟು,
ಠಾಣೆಗೆಲ್ಲ ಒಗ್ಗರಣಿ ಮಿರ್ಚಿ ತರಿಸಿ.
ನಾನೂ ಎರಡು ತಿಂದೆ.

ಈಗ ಬರೆಯುವ ಸರದಿ ನನ್ನದು.
"ಸ್ವಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ"
ಆ ಸಾಲು ಬರೆದು ಆಗಲೇ ಮೂರು ತಾಸಾಗಿತ್ತು,
ಅವನು ಜೀಪಿನಿಂದ ಇಳಿಯುವ ಮೊದಲೇ.
ಹದಿನಾರು ವರ್ಷದಿಂದ ಬರೆಯುತ್ತಿದ್ದೇನೆ. ದುಂಡು ಅಕ್ಷರ,
ಕೋರ್ಟಿನವರೂ ಹೊಗಳುತ್ತಾರೆ.
ಕೈ ನಡುಗಲಿಲ್ಲ. ಮೂಗು ತುರಿಸಲಿಲ್ಲ.
ಪಾದ ಎರಡೂ ಮೇಜಿನ ಕಡೆಗೇ ಇದ್ದವು.

ಕಳ್ಳಪಾಳಿಯ ವಿಷಯ ಸಾಹೇಬರಿಗೆ ಹೇಳಿದೆ.
ಹೇಳಲಿಲ್ಲ ಅಂತಲ್ಲ. ಅವರ ಊಟ ಮುಗಿಯಲಿ ಅಂತ ಕಾದೆ.
ಅಷ್ಟೊತ್ತಿಗೆ ಕಾಗದ ಮುಗಿದಿತ್ತು.
ದುಡ್ಡು ಸಿಕ್ಕಿದ್ದು ಮೂರನೇ ದಿನ. ಎಲ್ಲಿ ಅನ್ನುವುದು ಇಲ್ಲಿ ಬೇಡ.

ಸಹಿ ಬರತೈತ್ರಿ ಅಂದಿದ್ದ. ಹೆಬ್ಬೆಟ್ಟೇ ಇರಲಿ ಅಂದಿದ್ದರು.
ಶಾಯಿಪ್ಯಾಡಿಗೆ ನಾನೇ ಹಿಡಿದು ಒತ್ತಿದೆ ಅವನ ಬೆರಳು,
ನೀಲಿಯ ಮೇಲೆ ನೀಲಿ.
ಆಮೇಲೆ ಎಲ್ಲರ ಹಾಗೆ ಅವನೂ
ಹಿಂದಿನ ಗೋಡೆಗೆ ಒರೆಸಿದ. ಸುಣ್ಣ ಕಾಣದ ಹಾಗೆ
ಸೊಂಟದೆತ್ತರಕ್ಕೆ ಸಾವಿರ ಬೆರಳು ಉಜ್ಜಿದ ಜಾಗ ಅದು.
ನನ್ನ ಬೆರಳಿಗೂ ಹತ್ತಿತ್ತು.
ಯಾರೂ ಇಲ್ಲದ್ದು ನೋಡಿ
ನಾನೂ ಒರೆಸಿದೆ, ಅವನದರ ಪಕ್ಕಕ್ಕೆ.